ನಲವತ್ತೈದು ಸುತ್ತು

ಆ ಹಾಡಿನ ಪ್ಲೇಟನ್ನು ಅವರು ನನ್ನ ಅಂಗಡಿಗೆ ತಂದದ್ದು ಕಂಬಳಿ ತುಂಡಿನಲ್ಲಿ ಸುತ್ತಿಕೊಂಡು. ಅದೂ ಮುಟ್ಟಿದರೆ ಅಂಗೈ ಕೆರೆಯುವ ಒರಟು ಕರೀ ಕಂಬಳಿ. ಕನ್ನಡಕದ ಗಾಜನ್ನು ಸೆರಗಿನಲ್ಲಿ ಒರೆಸುವವರನ್ನು ಕಂಡರೇ ಮೈಯೆಲ್ಲ ಉರಿಯುವ ಮನುಷ್ಯ ನಾನು. ಇಪ್ಪತ್ತೆಂಟು ವರ್ಷದಿಂದ ಚಿತ್ರದುರ್ಗದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ಬಂದವರಿಗೆಲ್ಲ ಮೆತ್ತನೆ ಬಟ್ಟೆ ಕೊಟ್ಟು, "ಇದರಾಗೇ ಒರೆಸ್ರಿ" ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವನು. ಅಂಥವನ ಮುಂದೆ ಅವರು ಗಂಟು ಬಿಚ್ಚಿ, ಕಂಬಳಿಯ ಚುಂಗಿನಿಂದಲೇ ಪ್ಲೇಟಿನ ಧೂಳನ್ನು ಎರಡು ಸಲ ಗಸಗಸ ಒರೆಸಿ, ಕೌಂಟರಿನ ಮೇಲಿಟ್ಟರು.

ತಾಳ್ಯದ ಕಡೆಯ ಹಳ್ಳಿಯ ಹೆಂಗಸು, ಕುರಿ ಸಾಕುವ ಮನೆತನ. ಅರವತ್ತರ ಹತ್ತಿರ ವಯಸ್ಸು. ಪೊರೆ ಆಪರೇಷನ್ ಆದ ಮೇಲೆ ನನ್ನಲ್ಲೇ ಕನ್ನಡಕ ಮಾಡಿಸಿಕೊಂಡಿದ್ದರು. ಆಗ ಒಳಕೋಣೆಯಲ್ಲಿ ನನ್ನ ಟರ್ನ್‌ಟೇಬಲ್ ತಿರುಗುತ್ತಿದ್ದದ್ದನ್ನು ನೋಡಿದ್ದರಂತೆ. ಹಳೇ ಹಾಡಿನ ಪ್ಲೇಟು ಕೇಳುವುದು ನನ್ನ ಚಟ. ಅಂಗಡಿಗೆ ಬಂದ ಗಿರಾಕಿ ಕಾಯುತ್ತಿದ್ದರೂ ಪ್ಲೇಟಿನ ಒಂದು ಬದಿಯ ಹಾಡು ಮುಗಿಯುವವರೆಗೆ ನಾನು ಏಳುವುದಿಲ್ಲ ಎಂದು ಮನೆಯಲ್ಲಿ ದೂರು ಇದೆ.

"ಏನಪ್ಪ, ಇದನ್ನ ಒಂದ್ಸಲ ಹಾಕ್ತೀಯ? ಇದ್ರಾಗೆ ನಮ್ಮವ್ವನ ದನಿ ಐತೆ" ಎಂದರು.

"ಕುಂತ್ಕಳ್ರಿ ಅಕ್ಕ" ಎಂದು ಸ್ಟೂಲು ಕೊಟ್ಟು ಪ್ಲೇಟನ್ನು ಅಂಚಿನಲ್ಲಿ ಹಿಡಿದು ದೀಪಕ್ಕೆ ಒಡ್ಡಿದೆ. ನಿಮಿಷಕ್ಕೆ ನಲವತ್ತೈದು ಸುತ್ತಿನ ಚಿಕ್ಕ ಪ್ಲೇಟು. ಮಧ್ಯದ ಕಾಗದದ ಮೇಲೆ ಹಾಡಿದವರ ಹೆಸರಿಲ್ಲ, ಜಿಲ್ಲೆಯ ಮಹಿಳೆಯರು ಎಂದಷ್ಟೇ ಇತ್ತು. ಅದರ ಮೇಲೊಂದು ಅರಿಶಿಣದ ಬೆರಳಿನ ಕಲೆ. ಗೆರೆಗಳ ತುಂಬ ಧೂಳು. ಅಂಚು ಒಂದು ಕಡೆ ಹಪ್ಪಳದ ಹಾಗೆ ಮೇಲೆದ್ದಿತ್ತು.

ಅವರು ಹೇಳಿದ್ದು ಇಷ್ಟು. ಯಾವುದೋ ಕಂಪನಿಯವರು ಅವರ ಊರಿನ ಮೂವರು ಹೆಂಗಸರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಸೋಬಾನೆ ಪದ ಹಾಡಿಸಿ, ಮೂವರಿಗೂ ಒಂದೊಂದು ಪ್ಲೇಟು ಕೊಟ್ಟು ಕಳಿಸಿದರು. ಮೊದಲ ಸಾಲು ಎತ್ತಿಕೊಡುವುದು ಇವರ ತಾಯಿ, ಉಳಿದಿಬ್ಬರು ಹಿಂದೆ ಹೇಳುವವರು. ಇವರು ಎಂಟು ತಿಂಗಳ ಕೂಸಾಗಿದ್ದಾಗ ತಾಯಿ ತೀರಿಕೊಂಡರು. ಒಂದು ಫೋಟೋ ಇಲ್ಲ. ಉಳಿದಿಬ್ಬರ ಪ್ಲೇಟು ಒಂದು ಒಡೆದುಹೋಗಿ, ಇನ್ನೊಂದು ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಚಿಕ್ಕವರಿದ್ದಾಗ ಊರಿನ ದೊಡ್ಡ ಮನೆಯೊಂದರಲ್ಲಿ ಇದನ್ನು ಹಾಕಿಸಿಕೊಂಡು ಕೇಳುತ್ತಿದ್ದರಂತೆ. ಆ ಮನೆಯ ಪೆಟ್ಟಿಗೆ ಕೆಟ್ಟುಹೋದ ಮೇಲೆ ನಲವತ್ತು ವರ್ಷದಿಂದ ಕೇಳಿರಲಿಲ್ಲ.

"ನಮ್ಮವ್ವ ಅಂಬೋದು ಅಷ್ಟೇ ಐತಪ್ಪ ನನಗೆ" ಎಂದರು.

ಟರ್ನ್‌ಟೇಬಲಿನ ಮುಳ್ಳೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರದ ಚೂರು. ಅದರ ಮೇಲೆ ಭಾರ ಹೆಚ್ಚಾದರೆ ಗೆರೆಯನ್ನು ಕೆರೆಯುತ್ತದೆ, ಕಡಿಮೆಯಾದರೆ ಏರು ಬಂದ ಕಡೆ ಹಾರಿ ಎಲ್ಲೆಲ್ಲೋ ಬೀಳುತ್ತದೆ. ಗಾಜು ಒಡೆದರೆ ಇನ್ನೊಂದು ಕೂರಿಸಿಕೊಡಬಹುದು. ಇದು ಕೆಟ್ಟರೆ ಏನು ಕೊಡಲಿ? ನನ್ನಿಂದ ಆಗುವುದಿಲ್ಲ, ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವರಿದ್ದಾರೆ ಎಂದೆ.

"ಬೆಂಗ್ಳೂರಾಗೆ ನನಗ್ಯಾರು ಗೊತ್ತಪ್ಪ? ನಿನ್ ಕೈ ನಡುಗಲ್ಲ, ಕಣ್ಣಡಕ ಹಾಕಿಕೊಡುವಾಗ ನೋಡೀನಿ" ಎಂದು ಪ್ಲೇಟನ್ನು ಅಲ್ಲೇ ಬಿಟ್ಟು ಎದ್ದರು. ಹದಿನೈದು ದಿನ ಬಿಟ್ಟು ಕಣ್ಣು ತೋರಿಸಲು ಮತ್ತೆ ಬರುವುದಿದೆ, ಆಗ ಕೇಳುತ್ತೇನೆ ಎಂದರು. ಕೈ ನಡುಗುವುದಿಲ್ಲ, ನಿಜ.

ಆ ಹದಿನೈದು ದಿನ ನಾನು ಅನ್ನ ಸರಿಯಾಗಿ ತಿನ್ನಲಿಲ್ಲ. ಮೊದಲು ಪ್ಲೇಟನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಒಂದೇ ಹನಿ ಸೋಪು ಬೆರೆಸಿ ತೊಳೆದೆ. ಕನ್ನಡಕ ಒರೆಸುವ ಹೊಸ ಬಟ್ಟೆಯಲ್ಲಿ ನೀರು ಹೀರಿಸಿ, ಎರಡು ದಪ್ಪ ಗಾಜಿನ ನಡುವೆ ಇಟ್ಟು ಮೇಲೆ ಭಾರ ಹೇರಿದೆ. ದಿನಕ್ಕೆ ನಾಲ್ಕು ಸಲ ಬಗ್ಗಿ ನೋಡುತ್ತಿದ್ದೆ. ಅಂಚು ಇಳಿಯಿತೋ ಇಲ್ಲವೋ, ನನ್ನ ಸೊಂಟವಂತೂ ಹಿಡಿದುಕೊಂಡಿತು.

ಆಮೇಲೆ ಟರ್ನ್‌ಟೇಬಲ್. ಹಿರಿಯೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ ತಂದದ್ದು. ಕಲ್ಲು ಚಪ್ಪಡಿಯ ಮೇಲೆ ಕೂರಿಸಿ, ಗಾರೆಯವರ ರಸಮಟ್ಟ ಇಟ್ಟು ನಾಲ್ಕೂ ಕಡೆ ಸಮ ಮಾಡಿದೆ. ಮುಳ್ಳು ಗೆರೆಗೆ ನೇರವಾಗಿ ಕೂರುತ್ತದೋ ಇಲ್ಲವೋ ನೋಡಲು ಒಂದು ಅಳತೆಯ ಕಾಗದವಿರುತ್ತದೆ. ಇಂಟರ್ನೆಟ್‌ನಿಂದ ಇಳಿಸಿಕೊಂಡು ಮುದ್ರಿಸಬೇಕು. ನನ್ನ ಹತ್ತಿರ ಒಂದು ವರ್ಷದ ಹಿಂದೆಯೇ ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿಟ್ಟುಕೊಂಡದ್ದಿತ್ತು. ಅದರ ಮೂಲೆಯಲ್ಲಿ ಒಂದು ಗೆರೆ, ಪಕ್ಕದಲ್ಲಿ ನೂರು ಮಿಲಿಮೀಟರ್ ಎಂದು ಬರೆದಿತ್ತು. ಯಾಕೋ ಅವತ್ತು, ಕಣ್ಣುಗಳ ನಡುವಿನ ದೂರ ಅಳೆಯುವ ನನ್ನ ಪಟ್ಟಿಯನ್ನು ಆ ಗೆರೆಯ ಮೇಲಿಟ್ಟೆ. ತೊಂಬತ್ತಾರು.

ದಿನಕ್ಕೆ ಹದಿನೈದು ಜನರ ಮುಖಕ್ಕೆ ಪಟ್ಟಿ ಹಿಡಿಯುವವನು ವರ್ಷದಿಂದ ಈ ಕಾಗದಕ್ಕೆ ಹಿಡಿದಿರಲಿಲ್ಲ. ಅಷ್ಟೂ ದಿನ ನನ್ನ ಪ್ಲೇಟುಗಳ ಮೇಲೆಲ್ಲ ಮುಳ್ಳನ್ನು ಸೊಟ್ಟಗೆ ಓಡಿಸಿದ್ದೆ! ಕಾಗದ ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಓಡಿದೆ.

"ಪೂರ್ತಿ ಸೈಜ್ ಹಾಕಿದ್ರೆ ಅಂಚು ಕಟ್ ಆಗ್ತೈತೆ ಸಾರ್" ಎಂದ ಅಂಗಡಿಯಾತ, ನಿರಾಳವಾಗಿ. "ಪಹಣಿ, ಆಧಾರು, ಮಾರ್ಕ್ಸ್ ಕಾರ್ಡು, ಎಲ್ಲಾನೂ ಸ್ವಲ್ಪ ಸಣ್ಣ ಮಾಡೇ ಕೊಡೋದು. ಅಂಚಿನಾಗಿನ ಒಂದು ಅಕ್ಷರ ಹೋದ್ರೂ ಜನ ಬಿಡ್ತಾರೇನ್ರಿ? ಇಷ್ಟು ವರ್ಷದಾಗೆ ಯಾರೂ ಕೇಳಿಲ್ಲ."

"ನಾನು ಕೇಳ್ತಿದೀನಲ್ಲಪ್ಪ!" ಎಂದು ಕಿರುಚಿದೆ. ಸಾಲಿನಲ್ಲಿ ನಿಂತಿದ್ದವರು ತಿರುಗಿ ನೋಡಿದರು. ಆತ ಇದ್ದ ಅಳತೆಗೇ ಹಾಕಿಕೊಟ್ಟ. ಅಂಚು ಕಟ್ ಆಗಲಿಲ್ಲ. ಆತನಿಗೆ ಸಿಟ್ಟೂ ಬರಲಿಲ್ಲ, ಅದು ಇನ್ನೂ ಬೇಜಾರು.

ಹೊಸ ಕಾಗದಕ್ಕೆ ಮುಳ್ಳನ್ನು ಸರಿಹೊಂದಿಸಿದ ಮೇಲೆ, ಮುಳ್ಳಿನ ಭಾರ ನೋಡಲು ಪಕ್ಕದ ಕೈಗಡಿಯಾರ ರಿಪೇರಿ ಅಂಗಡಿಯ ಭಾಯ್ ಬೆಳ್ಳಿ ತೂಗುವ ಚಿಕ್ಕ ತಕ್ಕಡಿ ಕೊಟ್ಟರು. ಹಳೇಪೇಟೆಯ ಮನೆತನ, ಮೂರು ತಲೆಮಾರಿನಿಂದ ಗಡಿಯಾರದ ಕೆಲಸ. ನನ್ನ ಅವಸ್ಥೆ ಕಂಡರೆ ಅವರಿಗೆ ನಗು. "ಎರಡು ಗ್ರಾಮ್ ತೂಗಾಕೆ ಇಷ್ಟು ಪರೇಶಾನಿ ಮಾಡ್ಕಂಡ್ರೆ ಹೆಂಗ್ರಿ? ನೀವು ಮದುವೆ ಆಗುವಾಗಲೂ ಹಿಂಗೇ ತೂಗಿದ್ರಾ?" ಎಂದರು. ನಾನು ತಕ್ಕಡಿಯ ಮೇಲೆ ಮುಳ್ಳನ್ನು ಇಳಿಸಿ, ಎತ್ತಿ, ಮತ್ತೆ ಇಳಿಸಿ, ಏಳು ಸಲ ನೋಡಿದೆ. ಏಳೂ ಸಲ ಎರಡು ಗ್ರಾಮಿಗೆ ಬಂದ ಮೇಲೆ, ಈ ತಕ್ಕಡಿಯೇ ಸುಳ್ಳು ಹೇಳುತ್ತಿದ್ದರೆ ಎಂದು ಕೇಳಿದೆ. ಭಾಯ್ ಒಳಗೆ ಹೋಗಿ ಹಿತ್ತಾಳೆಯ ಎರಡು ಗ್ರಾಮಿನ ಬಟ್ಟು ತಂದು ತಕ್ಕಡಿಯ ಮೇಲಿಟ್ಟು ತೋರಿಸಿದರು.

ವೇಗ ಅಳೆಯಲು ಫೋನಿನಲ್ಲಿ ಒಂದು ಆ್ಯಪ್ ಇದೆ. ಫೋನನ್ನೇ ತಿರುಗುವ ತಟ್ಟೆಯ ನಡುವೆ ಮಲಗಿಸಿದರೆ ಎಷ್ಟು ಸುತ್ತು ಎಂದು ಅದೇ ಹೇಳುತ್ತದೆ. ಅದು ಗರಗರ ತಿರುಗುತ್ತಿರುವಾಗಲೇ ಹೆಂಡತಿಯ ಕರೆ ಬಂತು. ಸುತ್ತುವ ಫೋನಿನಲ್ಲಿ ಅವಳ ಹೆಸರು ಓದಲು ನಾನು ಕತ್ತು ತಿರುಗಿಸುತ್ತ ನಿಂತಿದ್ದನ್ನು ಭಾಯ್ ಈಗಲೂ ಜನರಿಗೆ ಮಾಡಿ ತೋರಿಸುತ್ತಾರೆ. ಕರೆ ನಿಂತ ಮೇಲೆ ನೋಡಿದರೆ ನಲವತ್ತೈದು, ಅದರ ಮುಂದೆ ಚುಕ್ಕೆ, ಸೊನ್ನೆ, ಎರಡು. ಅದಕ್ಕಿಂತ ಸರಿ ಇನ್ನು ಬೇಕಿರಲಿಲ್ಲ. ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, ಮೊದಲ ಸಲ ಹಾಕುವಾಗಲೇ ದನಿ ಅದರಲ್ಲಿ ದಾಖಲಾಗುವಂತೆ ಮಾಡಿದೆ. ಒಂದೇ ಒಂದು ಸಲ ಮುಳ್ಳು ತಾಗಿದರೆ ಸಾಕು, ಆಮೇಲೆ ಆ ಪ್ಲೇಟನ್ನು ಯಾರೂ ಮುಟ್ಟಬೇಕಾಗಿಲ್ಲ ಎಂಬುದು ನನ್ನ ಲೆಕ್ಕ.

ಅವರು ಬಂದದ್ದು ಬೆಳಿಗ್ಗೆ ಹನ್ನೊಂದರ ಮೇಲೆ. ಹೊಸ ಸೀರೆ ಉಟ್ಟಿದ್ದರು. ಒಳಕೋಣೆಯಲ್ಲಿ ಕೂರಿಸಿ, ಸಾಕ್ಷಿಗೆ ಇರಲಿ ಎಂದು ಭಾಯ್ ಅವರನ್ನೂ ಕರೆದೆ. ಪ್ಲೇಟಿನ ಏರು ಪೂರ್ತಿ ಹೋಗಿರಲಿಲ್ಲ, ಅರ್ಧ ಇಳಿದಿತ್ತು. ಕರೆಂಟು ಹೋಗದಿರಲಿ ಎಂದುಕೊಂಡು, ಲೀವರ್ ಒತ್ತಿ ಮುಳ್ಳನ್ನು ಇಳಿಸಿದೆ.

ಚಿಟಪಟ ಸದ್ದು. ಏರು ಬಂದಾಗಲೆಲ್ಲ ಮುಳ್ಳಿನ ಕೈ ಎದ್ದು ಬೀಳುತ್ತಿತ್ತು, ಅದರ ಜೊತೆಗೆ ನನ್ನ ಉಸಿರು ಕೂಡ. ಮುಳ್ಳು ಹಾರಲಿಲ್ಲ. ಒಂದು ಹೆಣ್ಣು ದನಿ ಸಾಲು ಎತ್ತಿತು. ತೆಳ್ಳಗೆ, ಚುರುಕಾಗಿ, ಎಳೇ ಹುಣಸೆಕಾಯಿ ಕಚ್ಚಿದ ಹಾಗೆ. ಹಿಂದೆ ಇಬ್ಬರು ಹೇಳಿದರು. ಕೆರೆತ ಇಲ್ಲ, ಒಡಕಿಲ್ಲ. ನಾನು ಗೆದ್ದೆ ಎಂದುಕೊಂಡು ಅವರ ಮುಖ ನೋಡಿದೆ.

ಅವರು ಹುಬ್ಬು ಗಂಟಿಕ್ಕಿ ಕೂತಿದ್ದರು. ಇನ್ನೆರಡು ಸಾಲು ಕೇಳಿದರು. ಆಮೇಲೆ ಎದ್ದು ನಿಂತರು.

"ಇದು ನಮ್ಮವ್ವ ಅಲ್ಲ" ಎಂದರು.

ಹಾಡು ಓಡುತ್ತಲೇ ಇತ್ತು. ಅವರು ಬಾಗಿಲ ಹತ್ತಿರ ಹೋಗಿ ಬೆನ್ನು ಹಾಕಿ ನಿಂತರು. "ಇದ್ಯಾವುದೋ ಹುಡುಗಿ. ನಮ್ಮವ್ವಂದು ದಪ್ಪ ದನಿ. ನಿಧಾನಕ್ಕೆ ಹಾಡ್ತಾಳೆ. ಪ್ಲೇಟು ಬದಲಾಗೈತೆ ನೋಡಪ್ಪ, ನಿನ್ನತ್ರ ಎಷ್ಟೊಂದು ಪ್ಲೇಟು ಅವೆ."

ಹಾಡು ಮುಗಿದ ಮೇಲೆ ಪ್ಲೇಟು ತೆಗೆದು ಕೈಗೆ ಕೊಟ್ಟೆ. ಅರಿಶಿಣದ ಕಲೆ ನೋಡಿದರು. ಹೊಸ ಕನ್ನಡಕ, ಚೆನ್ನಾಗಿಯೇ ಕಾಣುತ್ತಿತ್ತು. "ಪ್ಲೇಟೇನೋ ಇದೇ ಐತೆ" ಎಂದವರು, ಮೆಲ್ಲಗೆ ಕೇಳಿದರು, "ತೊಳೆದೂ ತೊಳೆದೂ ದನಿ ಕೆಡಿಸಿಬಿಟ್ಯಾ?"

ತೊಳೆದರೆ ದನಿ ಬದಲಾಗುವುದಿಲ್ಲ ಎಂದು ನನಗೆ ಗೊತ್ತು. ಆದರೆ ಕಾಗದದ ಮೇಲೆ ನೂರು ಎಂದು ಬರೆದದ್ದು ತೊಂಬತ್ತಾರು ಆಗಿತ್ತಲ್ಲ? ಫೋನು ಹೇಳಿದ ನಲವತ್ತೈದು ನಿಜವಾಗಿ ಐವತ್ತು ಇದ್ದರೆ? ನಾನು ಅವಸರ ಮಾಡಿ, ಅವರ ತಾಯಿಯನ್ನು ಓಡಿಸಿಬಿಟ್ಟಿದ್ದರೆ?

ಇನ್ನೊಂದು ಪರೀಕ್ಷೆ ಗೊತ್ತಿತ್ತು. ಗೆರೆಗೆರೆಯ ಒಂದು ಚಕ್ರವನ್ನು ತಟ್ಟೆಯ ಮೇಲಿಟ್ಟು ತಿರುಗಿಸಿ, ಕರೆಂಟಿನ ಜೊತೆ ಮಿನುಗುವ ದೀಪ ಹಿಡಿದರೆ, ವೇಗ ಸರಿಯಿದ್ದಾಗ ಗೆರೆಗಳು ತಿರುಗದೆ ನಿಂತಂತೆ ಕಾಣುತ್ತವೆ. ಅಂಗಡಿಯ ಎಲ್‌ಇಡಿ ಬಲ್ಬಿನಲ್ಲಿ ಏನೂ ಕಾಣಲಿಲ್ಲ. ನಾನು ತಲೆ ಚಚ್ಚಿಕೊಳ್ಳುತ್ತಿದ್ದಾಗ ಭಾಯ್ ಹೋಗಿ ವೈರಿಂಗಿನವರ ಟೆಸ್ಟರ್ ತಂದರು. ಶಟರ್ ಅರ್ಧ ಇಳಿಸಿ, ಟೆಸ್ಟರನ್ನು ಸಾಕೆಟ್ಟಿನಲ್ಲಿ ಸಿಕ್ಕಿಸಿ ಬೆರಳಿಟ್ಟರು. ಒಳಗಿನ ಕೆಂಪು ದೀಪ ಮಿಣಮಿಣ ಉರಿಯಿತು. ಟರ್ನ್‌ಟೇಬಲನ್ನು ಸಾಕೆಟ್ಟಿನ ಬುಡಕ್ಕೆ ಎಳೆದು, ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿದೆವು. ನಲವತ್ತೈದರ ಗೆರೆಗಳು ಅಲುಗಾಡದೆ ನಿಂತಿದ್ದವು.

"ಖಡಕ್ ಸರಿ ಐತಲ್ರಿ" ಎಂದರು ಭಾಯ್.

ಸರಿಯಿದ್ದದ್ದೇ ಸಂಕಟವಾಯಿತು. ತಪ್ಪಿದ್ದರೆ ತಿದ್ದಬಹುದಿತ್ತು. ಅಕ್ಕ ಆಗಲೇ ಕಂಬಳಿ ತುಂಡು ಹಾಸಿ ಪ್ಲೇಟು ಸುತ್ತುತ್ತಿದ್ದರು. ಮುಖದಲ್ಲಿ ಜಗಳವಿರಲಿಲ್ಲ, ಜಗಳವಾಡಿದ್ದರೂ ಚೆನ್ನಾಗಿತ್ತು. ಸಾವಿನ ಮನೆಯಿಂದ ಎದ್ದು ಹೊರಟವರ ಹಾಗಿದ್ದರು. ಈ ಹೆಂಗಸು ಇಲ್ಲಿಗೆ ಬರುವಾಗ ಒಬ್ಬ ತಾಯಿ ಇದ್ದಳು, ಹೋಗುವಾಗ ಇಲ್ಲ, ನಡುವೆ ನಾನೊಬ್ಬ ಕೈ ಹಾಕಿದೆ ಎಂದು ನನಗೆ ಅಳು ಬರುವ ಹಾಗಾಯಿತು.

"ಅಕ್ಕ, ಒಂದು ನಿಮಿಷ ಇರ್ರಿ" ಎಂದೆ. "ನೀವು ಮೊದ್ಲು ಕೇಳಿದ್ದು ಯಾವ ಪೆಟ್ಟಿಗೆಯಾಗೆ? ಕರೆಂಟಿಂದಾ?"

"ಕರೆಂಟೆಲ್ಲಿತ್ತಪ್ಪ? ಸೆಲ್ಲಿಂದು."

"ಹೊಸಾ ಸೆಲ್ಲು ಹಾಕೋರಾ?"

"ಹೊಸಾವು ಬ್ಯಾಟ್ರಿಗೆ, ಕುರಿ ಕಾಯಾಕೆ ಹೋಗೋರಿಗೆ" ಎಂದರು. "ಅದ್ರಾಗೆ ಬೆಳಕು ಕಮ್ಮಿ ಆದ್ಮ್ಯಾಲೆ ಹಾಡಿನ ಪೆಟ್ಟಿಗೆಗೆ ಬರೋವು. ಅವ್ನ ನಾನೇ ಮಾಳಿಗೆ ಮ್ಯಾಲೆ ಬಿಸಿಲಿಗೆ ಇಡ್ತಿದ್ದೆ. ಕಾದ್ರೆ ಒಂದೆಲ್ಡು ಹಾಡಿನಷ್ಟು ಜೀವ ಬರೋದು. ಯಾರಾದ್ರೂ ಕದ್ದುಬಿಟ್ಟಾರು ಅಂತ ಪಕ್ಕದಾಗೇ ಕುಂತಿರ್ತಿದ್ದೆ, ಅವ್ವನ ಹಾಡು ಕೇಳೋ ಆಸೆಗೆ."

ಭಾಯ್ ನನ್ನ ಕಡೆ ನೋಡಿದರು, ನಾನು ಅವರ ಕಡೆ. ಬಿಸಿಲಿಗೆ ಕಾಯಿಸಿದ ಸೆಲ್ಲು ಪೆಟ್ಟಿಗೆಯನ್ನು ತಿರುಗಿಸುತ್ತಿತ್ತು, ಆದರೆ ನಲವತ್ತೈದು ಸುತ್ತು ತಿರುಗಿಸುವ ಶಕ್ತಿ ಅದಕ್ಕೆಲ್ಲಿ ಬರಬೇಕು? ಸುತ್ತು ಕಡಿಮೆಯಾದರೆ ಹಾಡು ನಿಧಾನವಾಗುತ್ತದೆ, ದನಿ ದಪ್ಪವಾಗುತ್ತದೆ.

ಲ್ಯಾಪ್‌ಟಾಪಿನಲ್ಲಿ ದಾಖಲಾಗಿದ್ದ ಹಾಡನ್ನು ತೆರೆದೆ. ವೇಗ ಇಳಿಸುವ ಪಟ್ಟಿಯನ್ನು ಚೂರು ಚೂರೇ ಎಳೆಯುತ್ತ, ಒಂದೊಂದು ಸಾಲು ಕೇಳಿಸಿದೆ. ನಲವತ್ತನಾಲ್ಕು. ಅವರು ತಲೆಯಾಡಿಸಲಿಲ್ಲ. ನಲವತ್ತೆರಡು. ಸುತ್ತುತ್ತಿದ್ದ ಕೈ ನಿಂತಿತು. ನಲವತ್ತಕ್ಕೆ ಬಂದಾಗ, ತುಂಬಿದ ಮೈಯ ಹೆಂಗಸೊಬ್ಬಳು ಯಾವ ಅವಸರವೂ ಇಲ್ಲದೆ ಹಾಡಿದ ಹಾಗೆ ಆ ಸಾಲು ಹೊರಗೆ ಬಂತು.

"ಅವ್ವಾ" ಎಂದರು. ಸ್ಟೂಲಿನ ಮೇಲೆ ಕುಸಿದು ಕೂತು, ಕನ್ನಡಕ ತೆಗೆದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಹಾಡು ಪೂರ್ತಿ ಮುಗಿಯುವವರೆಗೂ ಅತ್ತರು. ಆಮೇಲೆ ಅದೇ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು. ಅವತ್ತು ನಾನು ಏನೂ ಹೇಳಲಿಲ್ಲ.

ಭಾಯ್ ನನ್ನನ್ನು ಪಕ್ಕಕ್ಕೆ ಕರೆದರು. "ಇದನ್ನೇ ಅವ್ರ ಫೋನಿಗೆ ಹಾಕಿ ಕಳಿಸ್ರಿ. ಸುಮ್ನಿದ್ಬಿಡ್ರಿ. ಯಾರಿಗೇನು ನಷ್ಟ?"

ಅವರ ಮಾತು ಸರಿಯಾಗಿಯೇ ಇತ್ತು. ಆದರೆ ನಾನು ಹುಟ್ಟಿದ್ದೇ ಹೀಗೆ. ತಪ್ಪು ನಂಬರಿನ ಕನ್ನಡಕವನ್ನು, ಹಾಕಿಕೊಂಡವರು ಚೆನ್ನಾಗಿದೆ ಅಂದರೂ, ಕಳಿಸಲು ನನ್ನಿಂದ ಆಗಿಲ್ಲ. ಹೇಳಿದರೆ ಸಿಕ್ಕಿದ ತಾಯಿಯನ್ನು ಮತ್ತೆ ಕಿತ್ತುಕೊಂಡ ಹಾಗಾಗುತ್ತದೆ, ಹೇಳದಿದ್ದರೆ ಹಾಡಿದ ಆ ಹೆಣ್ಣಿಗೆ ಮೋಸವಾಗುತ್ತದೆ. ಕೊನೆಗೆ ಹೇಳಿಯೇಬಿಟ್ಟೆ.

"ಅಕ್ಕ, ಮೊದ್ಲು ಹಾಕಿದ್ದೂ ನಿಮ್ಮವ್ವಂದೇ. ಅವರು ಹಾಡಿದ್ದೇ ಹಂಗೆ. ಬಿಸಿಲಿನ ಸೆಲ್ಲು ನಿಧಾನ ಮಾಡಿತ್ತು."

ಅವರು ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ಆ ಹುಡುಗೀನಾ?"

"ಹೂಂ ಅಕ್ಕ. ಆಗ ಅವ್ರಿಗೆ ಎಷ್ಟು ವಯಸ್ಸು?"

ಅವರು ಬೆರಳು ಮಡಚಿ ಎಣಿಸಿದರು. "ನಾನು ಹೊಟ್ಟೆಯಾಗಿದ್ದೆನಂತೆ. ಚೊಚ್ಚಲು. ಹದಿನೆಂಟೋ ಹತ್ತೊಂಬತ್ತೋ" ಎಂದು ನಿಲ್ಲಿಸಿದರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, "ನಮ್ಮ ಮೊಮ್ಮಗಳಿಗೆ ಈಗ ಇಪ್ಪತ್ತು" ಎಂದರು.

ಹೊರಗೆ ಯಾರೋ ಗಿರಾಕಿ ಶಟರ್ ಬಡಿದು ಕರೆದರು. ನಾವು ಯಾರೂ ಏಳಲಿಲ್ಲ. ನನಗೆ ಏನಾದರೂ ಸಮಾಧಾನ ಹೇಳಬೇಕೆನಿಸಿ, ನಿಮಗೆ ಬೇಕಾದ ದನಿಯನ್ನೇ ಫೋನಿಗೆ ಹಾಕಿಕೊಡುತ್ತೇನೆ, ನಿಧಾನದ್ದನ್ನೇ ಹಾಕುತ್ತೇನೆ ಎಂದು ತೊದಲಿದೆ.

ಅವರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಸ್ಟೂಲನ್ನು ಲ್ಯಾಪ್‌ಟಾಪಿನ ಹತ್ತಿರಕ್ಕೆ ಎಳೆದುಕೊಂಡರು.

"ಪಾಪ, ಮಗು ಅದು" ಎಂದರು. "ನಾನು ಎದ್ದು ಹೋಗ್ಬಿಟ್ಟೆ, ಅದು ಇನ್ನೂ ಹಾಡ್ತಾನೇ ಇತ್ತು. ಅದನ್ನೇ ಹಾಕಪ್ಪ. ಪೂರ್ತಿ ಕೇಳ್ತೀನಿ."